ಜಾಲರಿಯ ಅಮಲ್ದಾರರು

ಕುಮಜಾವಾ ತಮೋತ್ಸು ಒಸಾಕಾದ ಅಂಚಿನ ಒಂದು ಶಟರ್ ಕಾರ್ಖಾನೆಯಲ್ಲಿ ಮೂವತ್ತೇಳು ವರ್ಷ ದುಡಿದರು. ಅಷ್ಟು ವರ್ಷದಲ್ಲಿ ಅವರ ಮಾತನ್ನು ಯಾರಾದರೂ ಕೇಳಿದ್ದಕ್ಕೆ ಸಾಕ್ಷಿಯಿಲ್ಲ. ಉಪವಿಭಾಗದ ಮುಖ್ಯಸ್ಥರೆಂದು ಮೇಜಿನ ಮೇಲೆ ಹಲಗೆಯೇನೋ ಇತ್ತು. ಆ ಉಪವಿಭಾಗದಲ್ಲಿ ಅವರನ್ನು ಬಿಟ್ಟರೆ ಇದ್ದದ್ದು ಒಂದು ಹಳೆಯ ಜೆರಾಕ್ಸ್ ಯಂತ್ರ, ಅದೂ ಅವರ ಮಾತು ಕೇಳುತ್ತಿರಲಿಲ್ಲ. ಸಭೆಯಲ್ಲಿ ಅವರು ಗಂಟಲು ಸರಿಮಾಡಿಕೊಂಡರೆ ಸಾಕು, ಉಳಿದವರು ಚಹಾದ ಲೋಟಕ್ಕೆ ಕೈ ಚಾಚುತ್ತಿದ್ದರು.

ಇದೇ ಮನುಷ್ಯ ತ್ಸುರುಹಾಶಿಯ ರೈಲು ಸೇತುವೆಯ ಕೆಳಗಿರುವ ತೊಮಿಕೊ ಅಕ್ಕನ ಅಂಗಡಿಗೆ ಕಾಲಿಟ್ಟರೆ ಬೇರೆಯೇ ಆಗಿಬಿಡುತ್ತಿದ್ದರು. ಇರುವುದು ನಾಲ್ಕೇ ಮೇಜು. ಪ್ರತಿ ಮೇಜಿನ ನಡುವೆ ಒಂದು ಮಣ್ಣಿನ ಒಲೆ, ಮೇಲೊಂದು ಜಾಲರಿ. ತಟ್ಟೆಯಲ್ಲಿ ಹಸಿ ಮಾಂಸ ಬರುತ್ತದೆ, ಸುಟ್ಟುಕೊಂಡು ತಿನ್ನುವುದು ನಿಮ್ಮ ಹಣೆಬರಹ. ಕೂತವರಿಗೆ ತೊಂಬತ್ತು ನಿಮಿಷ ಗಡುವು, ಏಕೆಂದರೆ ಹೊರಗೆ ಸಾಲು ನಿಂತವರು ಗಾಜಿಗೆ ಮೂಗು ಒತ್ತಿಕೊಂಡು ಒಳಗಿನವರ ತುತ್ತು ಎಣಿಸುತ್ತಿರುತ್ತಾರೆ. ಕುಮಜಾವಾ ಹೊಗೆಯ ವಾಸನೆ ಹತ್ತದಂತೆ ಕೋಟನ್ನು ಪ್ಲಾಸ್ಟಿಕ್ ಚೀಲಕ್ಕೆ ತುರುಕಿ, ಕಾಗದದ ಏಪ್ರನ್ ಕಟ್ಟಿಕೊಂಡು, ಇಕ್ಕಳ ಕೈಗೆತ್ತಿಕೊಂಡರೆಂದರೆ ಮುಗಿಯಿತು. ಇಂಥವರನ್ನು ಜಾಲರಿಯ ಅಮಲ್ದಾರರು ಎನ್ನುತ್ತಾರೆ. ಪ್ರತಿ ಕಚೇರಿಗೂ ಒಬ್ಬರು ಇದ್ದೇ ಇರುತ್ತಾರೆ, ಕೇಳಿಕೊಂಡು ಯಾರೂ ತಂದಿಟ್ಟವರಲ್ಲ.

ಅಮಲ್ದಾರರ ಕಾನೂನು ಹೀಗಿತ್ತು. ಮೊದಲು ಉಪ್ಪು ಸವರಿದ ದನದ ನಾಲಿಗೆಯೇ ಜಾಲರಿ ಏರಬೇಕು, ಸಾಸ್ ಮೆತ್ತಿದ ಪಕ್ಕೆಲುಬು ಮೊದಲೇ ಬಂದು ಜಾಲರಿಯನ್ನು ಕೆಡಿಸಬಾರದು. ಒಂದು ತುಂಡನ್ನು ತಿರುಗಿಸುವುದು ಒಂದೇ ಸಲ. ಕೊಬ್ಬು ಸುರಿದು ಬೆಂಕಿ ಎದ್ದರೆ ಬಟ್ಟಲಿನ ಐಸ್ ತುಂಡು ಇಡಬೇಕು, ಬಿಯರ್ ಚಿಮುಕಿಸುವವನು ಅನಾಗರಿಕ. ಕರುಳು ಮೆತ್ತಗಿರುವಾಗಲೇ ಬಾಯಿಗೆ ಹೋಗಬೇಕು. ಯಾವ ತುಂಡು ಯಾರಿಗೆ, ಯಾವ ಕ್ಷಣದಲ್ಲಿ ಎಂಬುದೂ ಅವರದೇ ತೀರ್ಮಾನ. ಯಾರಾದರೂ ಚಾಪ್‌ಸ್ಟಿಕ್ ಚಾಚಿದರೆ ಇಕ್ಕಳದಿಂದ ಮೆಲ್ಲಗೆ ತಟ್ಟಿ "ಇನ್ನೂ ಇಲ್ಲ" ಎನ್ನುತ್ತಿದ್ದರು. ಅವರಿಗಿಂತ ಹನ್ನೆರಡು ವರ್ಷ ಚಿಕ್ಕವನಾದ ಮೇಲಧಿಕಾರಿ ನಿಶಿವಾಕಿಯೂ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದ. ಆ ಒಂದು ತಟ್ಟುವಿಕೆಗಾಗಿಯೇ ಕುಮಜಾವಾ ತಿಂಗಳಿಡೀ ಜೆರಾಕ್ಸ್ ಯಂತ್ರದ ಜೊತೆ ಸಂಸಾರ ಮಾಡುತ್ತಿದ್ದರು.

ಕೊನೆಯ ಒಂದು ತುಂಡಿನ ಕಥೆಯನ್ನೂ ಹೇಳಬೇಕು. ಸುಟ್ಟು ತಟ್ಟೆಗಿಟ್ಟದ್ದರಲ್ಲಿ ಉಳಿಯುವ ಕಡೇ ತುಂಡನ್ನು ನಮ್ಮ ಒಸಾಕಾದವರು ಸತ್ತರೂ ಮುಟ್ಟುವುದಿಲ್ಲ. ಅದಕ್ಕೆ ಸಂಕೋಚದ ಉಂಡೆ ಎಂಬ ಹೆಸರೇ ಇದೆ. ಎಲ್ಲರೂ ಅದನ್ನು ನೋಡದವರಂತೆ ನೋಡುತ್ತಾ ಹವಾಮಾನದ ಮಾತಾಡುತ್ತಾರೆ. ಕೊಬ್ಬು ಬೆಳ್ಳಗೆ ಹೆಪ್ಪುಗಟ್ಟಿದ ಮೇಲೆ ಅಮಲ್ದಾರರು ನಿಟ್ಟುಸಿರುಬಿಟ್ಟು, ಕರ್ತವ್ಯವೆಂಬಂತೆ, ತಾವೇ ತಿಂದು ಮುಗಿಸುತ್ತಿದ್ದರು.

ಅರವತ್ತು ತುಂಬಿತು. ನಿವೃತ್ತಿಯ ಊಟ ಎಲ್ಲಿ ಎಂಬ ಪ್ರಶ್ನೆಯೇ ಬರಲಿಲ್ಲ. ಶುಕ್ರವಾರ ಸಂಜೆ ಆರಕ್ಕೆ ನಿಶಿವಾಕಿ, ವೆಲ್ಡಿಂಗ್ ವಿಭಾಗದ ಇಗುಚಿ, ಹದಿನೆಂಟು ವರ್ಷದಿಂದ ಸರಕು ರವಾನೆ ನೋಡಿಕೊಳ್ಳುವ ಹತಾನೊ, ಮೂವರೂ ಅವರನ್ನು ಕರೆದುಕೊಂಡು ಹೋದರು. ಎಡವಟ್ಟಾದದ್ದು ಬಾಗಿಲಲ್ಲೇ. ಗೌರವದ ಅತಿಥಿ ಬಾಗಿಲಿಗೆ ದೂರದ, ಗೋಡೆಯ ಕಡೆಯ ಜಾಗದಲ್ಲಿ ಕೂರಬೇಕು, ಯಾವ ಕೆಲಸಕ್ಕೂ ಕೈ ಹಾಕಬಾರದು. ಇದು ಹಿಂದಿನಿಂದ ಬಂದ ಮರ್ಯಾದೆ. ಮೂವತ್ತೇಳು ವರ್ಷದಲ್ಲಿ ಮೊದಲ ಸಲ ಮರ್ಯಾದೆ ಸಿಕ್ಕಿತು, ಸಿಕ್ಕಿದ್ದೇ ತಡ ಇಕ್ಕಳ ಕೈತಪ್ಪಿತು. "ಇವತ್ತು ನೀವು ಆರಾಮಾಗಿ ಕೂತ್ಕೊಳ್ಳಿ ಕುಮಜಾವಾ ಸಾನ್, ನೀವು ಏನೂ ಮಾಡೋ ಹಾಗಿಲ್ಲ" ಎಂದ ನಿಶಿವಾಕಿಯ ದನಿಯಲ್ಲಿ ಗೌರವಕ್ಕಿಂತ ಖುಷಿಯೇ ಹೆಚ್ಚಿತ್ತು.

ತೊಮಿಕೊ ಅಕ್ಕ ಕೆಂಡ ತಂದಿಟ್ಟಳು. ಆಮೇಲೆ ಸರಸರನೆ ಮೂರು ಇಕ್ಕಳ ತಂದು ನಿಶಿವಾಕಿ, ಇಗುಚಿ, ಹತಾನೊ ಮುಂದೆ ಒಂದೊಂದು ಇಟ್ಟಳು. ಇಗುಚಿ ತನಗೇ ಗೊತ್ತಿಲ್ಲದಂತೆ ಎರಡು ಹಸಿರು ಮೆಣಸಿನಕಾಯಿಗಳನ್ನು ಜಾಲರಿಯ ಮೇಲೆ ಬೇಲಿಯಂತೆ ಹೂಡಿ ಅದನ್ನು ಮೂರು ಪಾಲು ಮಾಡಿದ.

"ಗುರುವಾರದ ಹಾಗೇ ಅಲ್ವಾ?" ಎಂದಳು ತೊಮಿಕೊ ಅಕ್ಕ. ಗೋಡೆಯ ಕಡೆ ಕೂತವರನ್ನು ಆಮೇಲೆ ನೋಡಿದಳು. ನೋಡಿದ ಮೇಲೆ ಅವಳಿಗೆ ಒಳಗೆ ಏನೋ ಕೆಲಸ ನೆನಪಾಯಿತು.

"ಯಾವ ಗುರುವಾರ?" ಎಂದರು ಕುಮಜಾವಾ.

ಮೂವರೂ ಜಾಲರಿಯನ್ನೇ ನೋಡಿದರು. ಯಾವಾಗಲೋ ಒಮ್ಮೆ, ತಿಂಗಳಿಗೊಂದು ಸಲ, ಹಸಿವಾದಾಗ ಎಂದು ನಿಶಿವಾಕಿ ತೊದಲಿದ. ಆರು ವರ್ಷದಿಂದ ಎಂಬುದು ಇಗುಚಿಯ ಬಾಯಿಂದ ಜಾರಿತು. ಜಾಲರಿಯನ್ನು ಹಂಚಿಕೊಳ್ಳುತ್ತಾರಂತೆ, ಅವರವರ ಪಾಲಿನಲ್ಲಿ ಅವರವರದೇ ರಾಜ್ಯವಂತೆ. ಒಬ್ಬರ ತುಂಡನ್ನು ಇನ್ನೊಬ್ಬರು ಮುಟ್ಟುವುದಿರಲಿ, ಅದರ ಬಗ್ಗೆ ಬಾಯಿ ಬಿಡುವುದೂ ಗುರುವಾರದ ಕಾನೂನಿಗೆ ವಿರುದ್ಧವಂತೆ.

ಕುಮಜಾವಾರಿಗೆ ಎದ್ದು ಹೋಗಬೇಕೆನಿಸಿತು. ಆದರೆ ಗೌರವದ ಜಾಗದಿಂದ ಏಳಬೇಕಾದರೆ ಇಗುಚಿ ಏಳಬೇಕು, ಇಗುಚಿ ಏಳಬೇಕಾದರೆ ಹಿಂದಿನ ಮೇಜಿನ ದಪ್ಪ ಮನುಷ್ಯ ಕುರ್ಚಿ ಎಳೆದುಕೊಳ್ಳಬೇಕು. ಹಾಗಾಗಿ ಕೂತೇ ಅವಮಾನಪಟ್ಟರು. ಕಚೇರಿಯಲ್ಲಿ ಯಾರೂ ಮಾತು ಕೇಳದಿದ್ದದ್ದಕ್ಕೆ ಅವರು ಎಂದೂ ನೊಂದುಕೊಂಡವರಲ್ಲ. ತಾವಿಲ್ಲದೆ ಇವರು ಮಾಂಸವನ್ನು ಹಸಿಯಾಗಿ ತಿಂದಾರು ಎಂದು ನಂಬಿದ್ದರು, ಆ ನಂಬಿಕೆ ಮುರಿದದ್ದು ನೋವಾಯಿತು. ಸೋಮವಾರದಿಂದ ಹೋಗಲು ಕಚೇರಿಯಿಲ್ಲ. ಕೂರಲು ಒಂದು ಒಲೆಯಾದರೂ ಇದೆ ಎಂದುಕೊಂಡಿದ್ದರು, ಅದೂ ಆರು ವರ್ಷದ ಹಿಂದೆಯೇ ಕೈಬಿಟ್ಟಿದೆ.

"ಯಾಕೆ?" ಎಂದರು. ಈ ಸಲ ದನಿ ಸಣ್ಣದಿತ್ತು.

ಹತಾನೊ ಇಕ್ಕಳ ಕೆಳಗಿಟ್ಟಳು. ಅವಳು ಜಾಸ್ತಿ ಮಾತಾಡುವವಳಲ್ಲ. "ನಂಗೆ ಕರುಳು ಗರಿಗರಿಯಾಗಿ ಬೇಕು, ಕುಮಜಾವಾ ಸಾನ್. ಗುರುವಾರ ಶುರುವಾಗೋ ತನಕ ಹನ್ನೆರಡು ವರ್ಷ ಮೆತ್ತಗಿರೋದನ್ನೇ ತಿಂದೆ. ನೀವು ಅಷ್ಟು ಪ್ರೀತಿಯಿಂದ ಹಾಕ್ತಿದ್ರಿ, ಬೇಡ ಅನ್ನೋಕೆ ಬಾಯಿ ಬರ್ಲಿಲ್ಲ."

ಗರಿಗರಿ ಎನ್ನುವುದು ಅಮಲ್ದಾರರ ಕಾನೂನಿನಲ್ಲಿ ಅಪರಾಧ. ಆದರೆ ಪ್ರೀತಿ ಎಂದಳಲ್ಲ, ಆ ಆರೋಪವನ್ನು ಅವರ ಮೇಲೆ ಇದುವರೆಗೆ ಯಾರೂ ಹೊರಿಸಿರಲಿಲ್ಲ. ಅವರು ಒದ್ದೆ ಟವೆಲನ್ನು ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು. ಹೊರಗಿನ ಸಾಲಿನಿಂದ ಯಾರೋ ಗಾಜು ತಟ್ಟಿದರು, ಜಾಲರಿ ಖಾಲಿ ಇಟ್ಟುಕೊಂಡು ಕೂತವರನ್ನು ಕಂಡರೆ ಅವರಿಗೆ ಮೈಯೆಲ್ಲ ಉರಿ.

ಹತಾನೊ ಒಳಗೆ ಕೂಗಿ ಹೇಳಿ ಇನ್ನೊಂದು ಇಕ್ಕಳ ತರಿಸಿದಳು. ತೊಮಿಕೊ ಅಕ್ಕ ಅದನ್ನು ಕುಮಜಾವಾರ ಮುಂದಿಟ್ಟು, ಅವರ ಕಣ್ಣು ತಪ್ಪಿಸಿ ಓಡಿದಳು. ಇಗುಚಿ ಇನ್ನೊಂದು ಮೆಣಸಿನಕಾಯಿ ಇಟ್ಟು ಗಡಿ ಸರಿಸಿದ. ನಿಶಿವಾಕಿ ತನ್ನ ಪಾಲಿನಿಂದ ನಾಲ್ಕು ಬೆರಳು ಜಾಗ ಬಿಟ್ಟುಕೊಟ್ಟ, ಮೇಲಧಿಕಾರಿಯಾದ ಮೇಲೆ ಅವನು ಮಾಡಿದ ಮೊದಲ ತ್ಯಾಗ.

"ನಿಮ್ಮ ಮೂಲೆ ಇದು" ಎಂದಳು ಹತಾನೊ. "ಮುಂದಿನ ಗುರುವಾರಾನೂ ಇಲ್ಲೇ. ಬರ್ತೀರಲ್ಲ? ಆದ್ರೆ ಕಾನೂನು ನೆನಪಿರ್ಲಿ."

ಅಂಗೈಯಗಲದ ರಾಜ್ಯ. ಕುಮಜಾವಾ ಅದರ ನಡುವೆ ಒಂದು ನಾಲಿಗೆಯ ತುಂಡು ಇಟ್ಟರು. ಇಟ್ಟ ಮೇಲೆ ಅಭ್ಯಾಸಬಲದಿಂದ ಕಣ್ಣು ಪಕ್ಕದ ರಾಜ್ಯಗಳ ಮೇಲೆ ಹೋಯಿತು. ಇಗುಚಿ ಪಕ್ಕೆಲುಬನ್ನು ಮೂರನೇ ಸಲ ತಿರುಗಿಸುತ್ತಿದ್ದ. ನಿಶಿವಾಕಿ ನಾಲಿಗೆಯ ಪಕ್ಕದಲ್ಲೇ ಸಾಸ್ ಮೆತ್ತಿದ್ದನ್ನು ಇಟ್ಟಿದ್ದ. ಹತಾನೊಳ ಕರುಳು ಸುರುಟಿಕೊಂಡು, ಕಂದುಬಣ್ಣಕ್ಕೆ ತಿರುಗಿ, ಕಪ್ಪಾಗುತ್ತಿತ್ತು. ಕುಮಜಾವಾರ ಗಂಟಲಲ್ಲಿ "ಇನ್ನೂ ಇಲ್ಲ", "ಸಾಕು ಸಾಕು" ಎಲ್ಲ ಬಂದು ನಿಂತವು. ನುಂಗಿಕೊಂಡರು. ಹತಾನೊ ಆ ಕರಕಲನ್ನು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದಳು. ಇಷ್ಟು ವರ್ಷ ಅವರು ಕೊಟ್ಟದ್ದನ್ನು ತಿನ್ನುವಾಗ ಅವಳು ಒಮ್ಮೆಯೂ ಕಣ್ಣು ಮುಚ್ಚಿರಲಿಲ್ಲ ಎಂಬುದು ಅವರಿಗೆ ಆಗ ಹೊಳೆಯಿತು.

ಅಷ್ಟರಲ್ಲಿ ಅವರ ಮೂಲೆಯಿಂದ ಹೊಗೆ ಎದ್ದಿತು. ಮೂವರಿಗೂ ಕಂಡಿತು. ಕಾನೂನು ಕಾನೂನೇ, ಯಾರೂ ಬಾಯಿ ಬಿಡಲಿಲ್ಲ. ಕುಮಜಾವಾ ತಡವಾಗಿ ನೋಡಿ, ಗಡಿಬಿಡಿಯಲ್ಲಿ ಎತ್ತಿದರು. ಒಂದು ಬದಿ ಇದ್ದಿಲಾಗಿತ್ತು. ಇಪ್ಪತ್ತು ವರ್ಷದಲ್ಲಿ ಈ ಮೇಜಿನಲ್ಲಿ ಅವರು ತಮಗಾಗಿ ಸುಟ್ಟುಕೊಂಡ ಮೊದಲ ತುಂಡು ಅದು. ಕೈ ಅಭ್ಯಾಸದಂತೆ ಹತಾನೊಳ ತಟ್ಟೆಯ ಕಡೆ ಹೊರಟಿತು, ದಾರಿಯಲ್ಲಿ ನಿಂತು ಹಿಂದಕ್ಕೆ ಬಂತು. ನಿಂಬೆರಸದಲ್ಲಿ ಅದ್ದಿ ಬಾಯಿಗೆ ಹಾಕಿಕೊಂಡರು. ಕೂಡಲೇ ಬಾಯಿ ತೆರೆದು ಹಾ ಹಾ ಎಂದು ಗಾಳಿ ಎಳೆದುಕೊಂಡರು. ಕಣ್ಣಲ್ಲಿ ನೀರು ಬಂತು.

"ಹೇಗಿದೆ?" ಎಂದಳು ಹತಾನೊ, ಕಾನೂನು ಮುರಿದು.

ಕುಮಜಾವಾ ಸ್ವಲ್ಪ ಹೊತ್ತು ಅಗಿದರು.

"ಬಿಸಿ ಇದೆ" ಎಂದರು.