ಆರು ಓಮಿನ ಗಂಡ

ನಾನು ಜೀವನದಲ್ಲಿ ಒಂದೇ ಒಂದು ಸಲ ನಪಾಸಾದವನು. ಇದನ್ನು ಜಂಬದಿಂದಲೇ ಹೇಳುತ್ತೇನೆ. ಕಾರಣ, ಅದಕ್ಕೆ ಮೊದಲು ನಾನು ಕೂತ ಪರೀಕ್ಷೆಗಳೇ ಕಡಿಮೆ. ಏಳನೇ ತರಗತಿಯಲ್ಲಿ ಶಾಲೆಗೆ ನಾನೇ ರಜೆ ಕೊಟ್ಟುಬಿಟ್ಟೆ.

ಆಮೇಲೆ ಹಿಡಿದದ್ದು ವೈರಿಂಗ್ ಕೆಲಸ. ಹುಣಸೂರು, ಪಿರಿಯಾಪಟ್ಟಣ, ಕೋಟೆ ಸೀಮೆಯ ಹಳ್ಳಿಗಳಲ್ಲಿ ನಾನು ಎಳೆದ ವೈರನ್ನೆಲ್ಲ ಗಂಟು ಹಾಕಿದರೆ ಮಡಿಕೇರಿಗೆ ಹೋಗಿ ವಾಪಸ್ ಬರಬಹುದು ಎಂದು ನನ್ನ ಲೆಕ್ಕ. ನನ್ನ ಲೆಕ್ಕವನ್ನು ಎಷ್ಟು ನಂಬಬಹುದು ಎನ್ನುವುದು ಮುಂದೆ ನಿಮಗೇ ತಿಳಿಯುತ್ತದೆ. ಆದರೆ ಮನಸ್ಸಿನಲ್ಲಿ ಒಂದು ಮುಳ್ಳಿತ್ತು. ಮನೆಗೆ ಕರೆಂಟು ಬರುವ ಮುಂಚೆ 'ವೈರಿಂಗ್ ಸರಿಯಾಗಿದೆ' ಎಂಬ ಕಾಗದಕ್ಕೆ ಸರ್ಕಾರದ ವೈರಿಂಗ್ ಪರ್ಮಿಟ್ ಇದ್ದವರು ಸಹಿ ಹಾಕಬೇಕು. ಗೋಡೆ ಕೊರೆದು ಬೆವರು ಸುರಿಸಿದವನು ನಾನು, ಕೊನೆಯಲ್ಲಿ ಪೆನ್ನು ತೆಗೆಯುವವರು ಇನ್ನೊಬ್ಬರು. ಐವತ್ತು ದಾಟಿದ ಮೇಲೆ ಹಠ ಬಂತು. ಒಂದಾದರೂ ಕಾಗದದ ಮೇಲೆ ನನ್ನ ಹೆಸರು ಇರಬೇಕು. ಪರ್ಮಿಟ್ಟಿನ ಪರೀಕ್ಷೆ ಕಟ್ಟಿದೆ.

ಪ್ರಶ್ನೆ ಸುಲಭವಾಗಿತ್ತು. ಆರು ಓಮ್, ಮೂರು ಓಮ್, ಎರಡನ್ನೂ ಪ್ಯಾರಲಲ್ಲಿನಲ್ಲಿ, ಅಂದರೆ ಅಕ್ಕಪಕ್ಕ, ಜೋಡಿಸಲಾಗಿದೆ. ಒಟ್ಟು ರೆಸಿಸ್ಟೆನ್ಸ್, ಅಂದರೆ ಕರೆಂಟಿಗಿರುವ ತಡೆ, ಎಷ್ಟು? ಒಂಬತ್ತು ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದೆ. ಮೌಖಿಕ ಪರೀಕ್ಷೆಗೆ ಕೂತಿದ್ದ ಸಾಹೇಬರು ಆ ಎರಡು ಗೆರೆಗಳನ್ನೇ ಸ್ವಲ್ಪ ಹೊತ್ತು ನೋಡಿದರು.

"ಯಜಮಾನ್ರೇ, ಉರೀತಿರೋ ಒಂದು ಬಲ್ಬಿನ ಪಕ್ಕ ಇನ್ನೊಂದು ಬಲ್ಬ್ ಹಾಕಿದ್ರೆ ಮೀಟರ್ ಏನಾಯ್ತದೆ?"

"ಜೋರಾಗಿ ಓಡ್ತದೆ ಸಾರ್."

"ಅಂದ್ರೆ ಕರೆಂಟು ಜಾಸ್ತಿ ಹರೀತು. ಹಂಗಾದ್ರೆ ಅದಕ್ಕಿರೋ ತಡೆ ಜಾಸ್ತಿ ಆಯ್ತೋ, ಕಮ್ಮಿ ಆಯ್ತೋ?"

"ಮೀಟರ್ ಓಡ್ಲಿ ಸಾರ್. ಆರಕ್ಕೆ ಮೂರು ಸೇರಿದ್ರೆ ಒಂಬತ್ತೇ ಕಣ್ರೀ!"

ನನ್ನ ಕೈಗೆ ಮೂವತ್ತು ವರ್ಷದಿಂದ ಗೊತ್ತಿದ್ದ ಸಂಗತಿಯನ್ನು ನನ್ನ ಬಾಯಿ ಅಲ್ಲಗಳೆಯುತ್ತಿತ್ತು. ಸಾಹೇಬರು ನಕ್ಕು ಇನ್ನೊಂದು ಸಲ ಬರಲು ಹೇಳಿದರು.

ಮನೆಗೆ ಬಂದಾಗ ಹೊಗೆಸೊಪ್ಪಿನ ಕಾಲ. ನಮ್ಮ ಎರಡೆಕರೆಯ ಆಡಳಿತ ಹೆಂಡತಿ ರತ್ನಳದು. ಕಿತ್ತ ಹಸಿ ಎಲೆಯನ್ನು ಉದ್ದನೆಯ ಕಡ್ಡಿಗಳಿಗೆ ದಾರದಲ್ಲಿ ಕಟ್ಟಿ, ಕಾವಿನಲ್ಲಿ ಹದ ಮಾಡುವ ಬ್ಯಾರನ್ ಎಂಬ ಕೊಠಡಿಗೆ ಏರಿಸಬೇಕು. ಆ ಕೆಲಸದಲ್ಲಿ ನಾನು ಬಹಳ ನಿಧಾನ. ನಿಧಾನವೆಂದು ಒಪ್ಪಿಕೊಳ್ಳುವ ಬದಲು ಮೇಲ್ವಿಚಾರಕನಾಗಿದ್ದೆ. ಪ್ರತಿ ಎಲೆಯನ್ನೂ ತಿರುವಿ ಪರೀಕ್ಷಿಸಿ ಅವಳ ಕೈಗೆ ಕೊಡುವುದು. ಕೊಟ್ಟ ಮೇಲೆ ಅವಳು ಕಟ್ಟುವುದು.

ನನ್ನ ನಪಾಸಿನ ಕಥೆ ಕೇಳಿ ಹತ್ತನೇ ತರಗತಿ ಪಾಸಾದ ರತ್ನ ಕಡ್ಡಿ ಕೆಳಗಿಟ್ಟಳು.

"ಅಲ್ಲ ಕಣ್ರೀ, ಈ ರಾಸಿ ನಾನೊಬ್ಳೇ ಕಟ್ಟಿದ್ರೆ ಮೂರು ಗಂಟೆ. ನೀವೊಬ್ರೇ ಕಟ್ಟಿದ್ರೆ ಆರು ಗಂಟೆ, ಅದೂ ಬೀಡಿ ಅಂತ ಎದ್ದೋಗ್ದಿದ್ರೆ. ಇಬ್ರೂ ಎದುರುಬದುರು ಕೂತು ಕಟ್ಟಿದ್ರೆ ಒಂಬತ್ತು ಗಂಟೆ ಆಯ್ತದಾ?"

"ಅದೆಂಗಾದದು?"

"ಒಂದು ಗಂಟೇಲಿ ನಾನು ರಾಸೀಲಿ ಮೂರ್ನೇ ಒಂದು ಪಾಲು ಮುಗಿಸ್ತೀನಿ, ನೀವು ಆರ್ನೇ ಒಂದು ಪಾಲು. ಸೇರಿದ್ರೆ ಅರ್ಧ. ಅರ್ಧಕ್ಕೆ ಒಂದು ಗಂಟೆ ಆದ್ರೆ ಪೂರ್ತಿಗೆ?"

"ಎರಡು," ಎಂದೆ. ಹೇಳಿದ ಮೇಲೆ ಮೈ ಜುಮ್ಮೆಂದಿತು. ಎರಡು ಓಮ್! ಆರಕ್ಕಿಂತಲೂ ಕಡಿಮೆ, ಮೂರಕ್ಕಿಂತಲೂ ಕಡಿಮೆ!

ನಂಬಿಕೆ ಬರದೆ ಬೀಡಿ ಕಟ್ಟಿನ ಕಾಗದದ ಮೇಲೆ ಇನ್ನೊಂದು ದಾರಿಯಲ್ಲಿ ನೋಡಿದೆ. ಹನ್ನೆರಡು ವೋಲ್ಟ್ ಬ್ಯಾಟರಿ. ಪ್ಯಾರಲಲ್ಲಿನಲ್ಲಿ ಇಬ್ಬರಿಗೂ ಪೂರ್ತಿ ಹನ್ನೆರಡು ಸಿಗುತ್ತದೆ. ಆರು ಓಮಿನಲ್ಲಿ ಎರಡು ಆಂಪಿಯರ್, ಮೂರು ಓಮಿನಲ್ಲಿ ನಾಲ್ಕು, ಒಟ್ಟು ಆರು. ಹನ್ನೆರಡನ್ನು ಆರರಿಂದ ಭಾಗಿಸಿದರೆ ಮತ್ತೆ ಎರಡೇ. ಕರೆಂಟು ಸುಲಭದ ದಾರಿಯಲ್ಲಿ ಮಾತ್ರ ಹೋಗುತ್ತದೆ ಎಂದು ನಮ್ಮ ಕಸುಬಿನವರು ಹೇಳುವುದುಂಟು. ಹಾಗಲ್ಲ. ಕಷ್ಟದ ದಾರಿಯಲ್ಲೂ ಅದರ ಯೋಗ್ಯತೆಯಷ್ಟು ಹೋಗಿಯೇ ಹೋಗುತ್ತದೆ. ನನ್ನಂಥ ಆರು ಓಮಿನವನಿಗೆ ಇದರಷ್ಟು ಸಮಾಧಾನದ ಮಾತು ಇನ್ನೊಂದಿಲ್ಲ.

ಸಮಾಧಾನದ ಹಿಂದೆಯೇ ನಾಚಿಕೆಯೂ ಬಂತು. ಇಷ್ಟು ವರ್ಷ ಎಲೆ ಮೊದಲು ನನ್ನ ಕೈ ದಾಟಿ ಆಮೇಲೆ ಅವಳ ಕೈಗೆ ಹೋಗುತ್ತಿತ್ತಲ್ಲ, ಅದು ಅಪ್ಪಟ ಸೀರೀಸ್. ಆರು ಸೇರಿಸು ಮೂರು, ಒಂಬತ್ತು. ನಮ್ಮ ಮನೆಯ ಮಟ್ಟಿಗೆ ನನ್ನ ಉತ್ತರ ಸರಿಯಾಗಿಯೇ ಇತ್ತು! ಅವತ್ತು ಮೇಲ್ವಿಚಾರಣೆಗೆ ರಾಜೀನಾಮೆ ಕೊಟ್ಟು, ದಾರ ಹಿಡಿದು ಅವಳ ಎದುರು ಕೂತೆ.

ಎರಡನೇ ಸಲ ಸಾಹೇಬರು ಹನ್ನೆರಡು ಓಮ್, ಆರು ಓಮ್ ಕೊಟ್ಟರು. ಆರು ನಾನು, ಸರಿ. ಒಂದು ರಾಶಿಗೆ ಹನ್ನೆರಡು ಗಂಟೆ ತೆಗೆದುಕೊಳ್ಳುವ ಪ್ರಾಣಿ ಯಾರು? ತಕ್ಷಣ ಭಾವಮೈದ ಕಣ್ಮುಂದೆ ಬಂದ. ನಮ್ಮಿಬ್ಬರನ್ನೂ ಮನಸ್ಸಿನಲ್ಲೇ ರಾಶಿಯ ಮುಂದೆ ಕೂರಿಸಿದೆ. ಒಂದು ಗಂಟೆಗೆ ಅವನದು ಹನ್ನೆರಡರಲ್ಲಿ ಒಂದು, ನನ್ನದು ಎರಡು. ಕೂಡಿಸಿದರೆ ಹನ್ನೆರಡರಲ್ಲಿ ಮೂರು, ಅಂದರೆ ನಾಲ್ಕನೇ ಒಂದು ಪಾಲು.

"ನಾಲ್ಕು ಓಮ್ ಸಾರ್."

"ಗೆರೆ ಎಳೀಲಿಲ್ವಾ?" ಎಂದರು ಸಾಹೇಬರು.

"ಈ ಸಲ ಬ್ಯಾಡ ಬುಡಿ ಸಾರ್."

ಪರ್ಮಿಟ್ ಬಂತು. ನನ್ನ ಮೊದಲ ಕಾಗದ ಪಿರಿಯಾಪಟ್ಟಣದಲ್ಲಿ ಅದೇ ಭಾವಮೈದ ಕಟ್ಟಿಸಿದ ಹೊಸ ಮನೆಯದು. ಅವನಿಂದಲೇ ಪಾಸಾದದ್ದು ಎಂದು ಅವನಿಗೆ ಇವತ್ತಿಗೂ ಹೇಳಿಲ್ಲ. ಎಲ್ಲರೂ ಸುತ್ತ ನಿಂತಿದ್ದರು. ಅಪ್ಪ ಇಟ್ಟ ಹೆಸರನ್ನು ಒಂದಕ್ಷರವೂ ಕುಗ್ಗಿಸದೆ, ತಲೆಕಟ್ಟು, ಒತ್ತು, ದೀರ್ಘ ಸಮೇತ ಬರೆಯತೊಡಗಿದೆ. ಒಂದೊಂದು ಅಕ್ಷರಕ್ಕೂ ಪೆನ್ನು ಎತ್ತಿ ನೋಡಿದೆ.

ರತ್ನ ಕಿವಿಯ ಹತ್ತಿರ ಬಗ್ಗಿದಳು. "ಸಯ್ಯಿಗೂ ಆರು ಗಂಟೆಯಾ? ನಾನೂ ಒಂದು ಕೈ ಹಿಡೀಲಾ?"