ಬೋಂಡ್ಲಾ ಒಂದು ಉಳಿದಿತ್ತು

ಗೋವಾದ ಪರ್ವರಿಯ ನಮ್ಮ ಚಾಳಿನಲ್ಲಿ ನನ್ನ ಖೋಲಿಗೆ ಹತ್ತಿದ್ದೇ ರುಕ್ಸಾನಾಳ ಖೋಲಿ. ಗಂಡ ನಿಯಾಜ ಸಾಮಾನಿನ ಟೆಂಪೊ ಹೊಡೆಯುತ್ತಾನೆ. ಈಕೆ ಎದುರಿನ ದೊಡ್ಡ ಬಿಲ್ಡಿಂಗಿನ ಮನಿಗಳಲ್ಲಿ ಭಾಂಡಿ, ಕಸ, ಅರಿವಿ ಮಾಡುತ್ತಾಳೆ. ನಡುವಿನ ಗೋಡೆ ತೆಳ್ಳಗೆ. ಅವರ ಮನಿ ಮಾತು ಕೇಳಬಾರದು ಅಂದರೂ ಕೇಳುತ್ತದೆ.

ಅವರದು ಮುದ್ದೇಬಿಹಾಳದ ಕಡೆ ಒಂದು ಹಳ್ಳಿ. ಮಗಳು ಫರ್ಹೀನ ಅಂಬೆಗಾಲು ಇಡುವಾಗಲೇ ರುಕ್ಸಾನಾ ಆಕೆಯನ್ನು ಅತ್ತೆಯ ಕೈಗೆ ಕೊಟ್ಟು ಗೋವಾಕ್ಕೆ ಬಂದಳು. ಬಗಲಲ್ಲಿ ಕೂಸು ಇದ್ದವಳನ್ನು ಇಲ್ಲಿ ಯಾರೂ ಕೆಲಸಕ್ಕೆ ಇಟ್ಟುಕೊಳ್ಳಲಿಲ್ಲ. ವರ್ಷಕ್ಕೊಮ್ಮೆ ರಮಜಾನಿಗೆ ಹೋಗುತ್ತಿದ್ದಳು. ಹುಡುಗಿ ಹೊಂದಿಕೊಳ್ಳುವಷ್ಟರಲ್ಲಿ ತಿರುಗಿ ಬರಬೇಕಾಗುತ್ತಿತ್ತು.

ಈ ವರ್ಷ ಹುಡುಗಿಗೆ ಏಳು ತುಂಬಿತು. ಅತ್ತೆ ಫೋನಿನ ಸ್ಪೀಕರಿನಲ್ಲಿ ಹೇಳಿದ್ದು ನನಗೂ ಕೇಳಿಸಿತು.

"ಸೂಟಿಗೆ ಕಳಸ್ತೇನಿ. ಆಕಿ ಮನಸ್ಸು ಅಲ್ಲಿ ಹತ್ತಿದರ ಅಲ್ಲೇ ಸಾಲಿಗೆ ಹಾಕು. ಹತ್ತಲಿಲ್ಲಾ, ಸಾಲಿ ಸುರು ಆಗೂದರೊಳಗ ತಿರುಗಿ ಕಳಸು. ಜುಲುಮಿ ಮಾಡಬ್ಯಾಡ."

ಫೋನು ಇಟ್ಟವಳೇ ನನ್ನ ಬಾಗಿಲಿಗೆ ಬಂದಳು.

"ಆಯಿ, ಈ ಊರಾಗ ಮಕ್ಕಳಿಗೆ ನೋಡಾಕ ಏನೇನೈತ್ರಿ?"

"ನನಗೇನು ಗೊತ್ತು ತಂಗಿ! ನಾ ಗೋವಾದಾಗ ನೋಡಿದ್ದು ಅಂದ್ರ ಫೋಂಡಾದಾಗ ಸಿಮೆಂಟಿನ ಬುಟ್ಟಿ, ಇಲ್ಲಿ ನಿನ್ನ ಮಾರಿ."

ನಕ್ಕಳು. ಮರುದಿನ ಕೆಲಸದ ಮನಿಯ ಒಡತಿ ಬಾಯಿಯನ್ನು ಕೇಳಿಕೊಂಡು ಬಂದು, ಬೆರಳು ಮಡಚಿ ಮಡಚಿ ನನಗೆ ಹೇಳಿದಳು. ಬೇತಿಯ ಫೆರ್ರಿ, ಮಿರಾಮಾರಿನ ಸಮುದ್ರ, ಅಲ್ಲೇ ಹತ್ತಿರ ವಿಜ್ಞಾನದ ಮನಿ, ಬೋಂಡ್ಲಾದ ಕಾಡಿನಲ್ಲಿ ಪ್ರಾಣಿಗಳು. ಇಷ್ಟು ವರ್ಷ ಇದ್ದರೂ ಅವಳಿಗೂ ಇದು ಪರದೇಶವೇ. ಒಂದನ್ನೂ ನೋಡಿರಲಿಲ್ಲ.

ಹುಡುಗಿ ಹಸಿರು ಫ್ರಾಕ್ ತೊಟ್ಟು, ಒಂದು ಸಣ್ಣ ಚೀಲ ಹಿಡಿದು ಬಂದಳು. ಉಂಡ ತಾಟು ತಾನೇ ತೊಳೆದಳು. ಹೊದ್ದ ಕೌದಿ ಮಡಚಿಟ್ಟಳು.

"ಏನು ಶಾಣ್ಯಾ ಹುಡುಗಿ!" ಅಂದೆ.

ರುಕ್ಸಾನಾ ನಗಲಿಲ್ಲ. "ಬೀಗರ ಮನಿಗೆ ಬಂದಂಗ ಮಾಡತಾಳ ಆಯಿ" ಅಂದಳು. ಮಗಳ ಅರಿವಿಗೆ ಅಂತ ಟ್ರಂಕಿನಲ್ಲಿ ಅರ್ಧ ಜಾಗ ಖಾಲಿ ಮಾಡಿದ್ದಳು. ಹುಡುಗಿ ಒಗೆದ ಅರಿವಿಯನ್ನು ತಿರುಗಿ ತನ್ನ ಚೀಲದಲ್ಲೇ ಇಡುತ್ತಿದ್ದಳು.

ರವಿವಾರ ಫೆರ್ರಿಗೆ ಹೋದೆವು. ನಡೆದು ಹತ್ತುವವರಿಗೆ ಟಿಕೇಟು ಇಲ್ಲ. ಆ ದಂಡೆಗೆ ಹೋದೆವು, ಈ ದಂಡೆಗೆ ಬಂದೆವು, ಮತ್ತೆ ಹೋದೆವು. ಫೆರ್ರಿಯ ಹುಡುಗ ನನ್ನನ್ನೇ ನೋಡಿ ನಗತೊಡಗಿದ. ಫೆರ್ರಿ ಜೋಲಿ ಹೊಡೆದಾಗ ಫರ್ಹೀನ ಅವ್ವನ ಕೈ ಹಿಡಿಯಲಿಲ್ಲ, ಅಂಚಿನ ಕಬ್ಬಿಣದ ಕಟಾಂಜನ ಹಿಡಿದಳು. ಆದರೂ ನಕ್ಕಳು. ಬದಿಯಲ್ಲಿ ಟೊಪ್ಪಿಗೆ ಹಾಕಿಕೊಂಡ ಒಂದು ಕುಟುಂಬ ಫೋಟೊ ತೆಗೆಯುತ್ತಿತ್ತು.

"ಇವರ ಮನಿ ಎಲ್ಲೈತ್ರಿ?" ಹುಡುಗಿ ಕೇಳಿದಳು.

"ಇವರ ಮನಿ ಇಲ್ಲಿಲ್ಲ. ಗೋವಾ ನೋಡಾಕ ಬಂದಾರ. ಎಲ್ಲಾ ನೋಡಿ ತಮ್ಮೂರಿಗೆ ಹೋಗತಾರ" ಅಂದಳು ರುಕ್ಸಾನಾ. ಗೊತ್ತಿದ್ದುದನ್ನು ಹೇಳುವ ಹಿಗ್ಗು ದನಿಯಲ್ಲಿತ್ತು. ಹುಡುಗಿ ತಲೆ ಆಡಿಸಿದಳು.

ಮುಂದಿನ ವಾರ ಸಮುದ್ರ. ಊರಲ್ಲಿನ ಅಜ್ಜಿಗೆ, ತನ್ನ ದಾದಿಗೆ ಅಂತ ಹುಡುಗಿ ಕಪ್ಪೆಚಿಪ್ಪು ಆರಿಸಿದಳು. ಅದರ ಮುಂದಿನ ವಾರ ವಿಜ್ಞಾನದ ಮನಿ. ಅಲ್ಲಿನ ಸೊಟ್ಟ ಕನ್ನಡಿಯಲ್ಲಿ ಅವ್ವ ಕುಂಬಳಕಾಯಿಯಂತೆ ಕಂಡಾಗ ಹುಡುಗಿ ಹೊಟ್ಟೆ ಹಿಡಿದು ನಕ್ಕಳು. ಅವ್ವ ಬೇಕಂತಲೇ ಆ ಕನ್ನಡಿ ಮುಂದೆ ತಿರುತಿರುಗಿ ನಿಂತಳು.

"ಮನಸ್ಸು ಹತ್ತಾಕತ್ತೈತಿ ಆಯಿ" ಅಂದು, ರುಕ್ಸಾನಾ ಮರುದಿನ ಹತ್ತಿರದ ಸಾಲಿಗೆ ಹೋಗಿ ವಿಚಾರಿಸಿ ಬಂದಳು.

ಒಂದು ಸಂಜೆ ನಾವಿಬ್ಬರೂ ನಳದ ಹತ್ತಿರ ಇದ್ದೆವು. ಒಳಗೆ ಹುಡುಗಿ ದಾದಿಯ ಜೋಡಿ ಫೋನಿನಲ್ಲಿ ಮಾತಾಡುತ್ತಿದ್ದಳು.

"ಫೆರ್ರಿ ನೋಡಿದೆ, ಸಮುದ್ರ ನೋಡಿದೆ, ಕನ್ನಡಿ ನೋಡಿದೆ. ಬೋಂಡ್ಲಾ ಒಂದ ಉಳದೈತಿ ದಾದಿ. ಅದನ್ನ ನೋಡಿದ ಕೂಡ್ಲೇ ಬರತೇನಿ. ನನ್ನ ಕೋಳಿಗೆ ಕಾಳು ಹಾಕಾಕತ್ತೀಯಿಲ್ಲೋ?"

ರುಕ್ಸಾನಾಳ ಕೊಡ ತುಂಬಿ ಹೊರಚೆಲ್ಲಿತು. ನಾನೇ ನಳ ಬಂದ್ ಮಾಡಿದೆ. ಮಗಳು ಇಲ್ಲೇ ಇರಲಿ ಅಂತ ಅವ್ವ ಇದನ್ನೆಲ್ಲ ತೋರಿಸಿದ್ದಳು. ಹುಡುಗಿ, ನೋಡಿ ಮುಗಿದರೆ ಹೋಗುವುದು ಅಂತ ತಿಳಿದಿದ್ದಳು.

ಆಮೇಲೆ ಬೋಂಡ್ಲಾ ದೂರ ಆಗುತ್ತ ಹೋಯಿತು. ಒಂದು ರವಿವಾರ ಟೆಂಪೊ ಕೆಟ್ಟಿದೆ ಅಂದಳು, ಇನ್ನೊಂದು ರವಿವಾರ ತಲೆ ನೋಯುತ್ತಿದೆ ಅಂದಳು. ಹುಡುಗಿ ಅಳಲಿಲ್ಲ, ಹಟ ಮಾಡಲಿಲ್ಲ. ನಸುಕಿನಲ್ಲೇ ಜಳಕ ಮಾಡಿ, ಹಸಿರು ಫ್ರಾಕ್ ತೊಟ್ಟು ಹೊಸ್ತಿಲ ಮೇಲೆ ಕೂಡುತ್ತಿದ್ದಳು. ಬಿಸಿಲು ಹೊಸ್ತಿಲಿಗೆ ಬಂದಾಗ ಎದ್ದು ಫ್ರಾಕ್ ಬಿಚ್ಚಿ, ಮಡಚಿ ಚೀಲದಲ್ಲಿ ಇಡುತ್ತಿದ್ದಳು.

"ಅತ್ತಿದ್ರ ರಮಿಸತಿದ್ದೆ ಆಯಿ" ಅಂದಳು ರುಕ್ಸಾನಾ. "ಹಿಂಗ ಕುಂತ್ರ ಏನ ಮಾಡಲಿ? ಇನ್ನೊಂದು ಜಾಗಾ ಹೇಳ್ರಿ. ವಾಳಪೈ ಕಡೆ ಏನರ ಐತೇನು?"

"ಎಷ್ಟಂತ ತೋರಸ್ತಿ ತಂಗಿ?" ಅಂದೆ.

ಕಡೆಗೆ ನಿಯಾಜನೇ ಅಂದ: "ಸಾಲಿ ಸುರು ಆಗೂ ಹೊತ್ತು ಬಂತು. ಅವ್ವಗ ಮಾತು ಕೊಟ್ಟೇವಿ. ನಡೀರಿ."

ಬೋಂಡ್ಲಾದ ಬಾಗಿಲಿನ ತನಕ ಬಂದು ರುಕ್ಸಾನಾ ಕಟ್ಟೆಯ ಮೇಲೆ ಕೂತುಬಿಟ್ಟಳು. ಕಾಲು ನೋಯುತ್ತವೆ ಅಂದಳು. ರೊಟ್ಟಿ ಬಿಚ್ಚಿದಳು, ಮಗಳಿಗೆ ತಿನ್ನಿಸಿದಳು, ನನಗೆ ಕೊಟ್ಟಳು, ಅರಿವಿ ಝಾಡಿಸಿ ಸಾವಕಾಶ ಗಂಟು ಕಟ್ಟಿದಳು, ಬಿಚ್ಚಿ ಮತ್ತೆ ಕಟ್ಟಿದಳು. ನಿಯಾಜ ಟಿಕೇಟು ಹಿಡಿದು ನಿಂತೇ ಇದ್ದ.

ಆಗ ಫರ್ಹೀನ ಬಂದು ಅವ್ವನ ಕೈ ಹಿಡಿದಳು. ಊರಿಂದ ಬಂದ ಮೇಲೆ ತಾನಾಗಿ ಹಿಡಿದದ್ದು ಅದೇ ಮೊದಲು. ರುಕ್ಸಾನಾಳ ಮುಖ ಅರಳಿದ್ದನ್ನು ನಾನು ನೋಡಿದೆ. ಹುಡುಗಿ ಎರಡೂ ಕೈಯಿಂದ ಜಗ್ಗತೊಡಗಿದಳು.

"ಏಳ್ರಿ ಅಮ್ಮಿ. ಇದೊಂದ ನೋಡಿದ್ರ ಮುಗೀತಲ್ಲ."

ರುಕ್ಸಾನಾ ಎದ್ದಳು. ಜಿಂಕೆ ಇದ್ದವು, ಕಾಡುಕೋಣ ಇತ್ತು. ಹುಡುಗಿ ಪ್ರತಿಯೊಂದರ ಮುಂದೆ ನಿಂತು, ಒಂದೂ ಬಿಡದೆ ನೋಡಿದಳು. ಅವ್ವ ಯಾವುದನ್ನೂ ನೋಡಲಿಲ್ಲ. ತನ್ನ ಕೈಯೊಳಗಿನ ಆ ಸಣ್ಣ ಕೈಯನ್ನೇ ನೋಡುತ್ತ, ಆದಷ್ಟು ಸಾವಕಾಶ ನಡೆದಳು.

ಹೊರಬಾಗಿಲು ಬಂತು. ಹುಡುಗಿ ಕೈ ಬಿಟ್ಟು ಟೆಂಪೊ ಕಡೆ ಓಡಿದಳು.