ಓಟೊ ಮಾಡಿದ ತೊಟ್ಟಿಲು

ಮೊನ್ನೆ ಎಡಿಸನ್ ಊರಿನ ಮರದಂಗಡಿಗೆ ಮಗಳ ಜೊತೆ ಹಲಗೆ ಕೊಳ್ಳಲು ಹೋಗಿದ್ದೆ. ಅವಳ ಹೊಸ ಅಪಾರ್ಟ್‌ಮೆಂಟಿಗೆ ಒಂದು ಶೆಲ್ಫ್ ಬೇಕಂತೆ. ಆಗಷ್ಟೇ ಕೊಯ್ದ ಮರದ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಬಾಯಿ ಸುಮ್ಮನಿರಬೇಕಲ್ಲ! "ನಿನ್ನ ತೊಟ್ಟಿಲು ಮಾಡಿದ ಓಟೊ ಇದ್ದರಲ್ಲ..." ಎಂದು ಶುರು ಹಚ್ಚಿಕೊಂಡೆ. "ಐ ನೋ, ಡ್ಯಾಡ್," ಅಂದಳು. ಅವಳಿಗೇನು ಗೊತ್ತು? ನಾನು ಹೇಳಿದಷ್ಟೇ ಗೊತ್ತು. ನಿಮಗಾದರೂ ಪೂರ್ತಿ ಹೇಳುತ್ತೇನೆ, ಕೇಳಿ.

ಅದು ಎರಡು ಸಾವಿರನೇ ಇಸವಿ ಹುಟ್ಟಿದರೆ ಕಂಪ್ಯೂಟರುಗಳೆಲ್ಲ ಕೆಡುತ್ತವೆಂಬ ವೈಟೂಕೆ ಗಲಾಟೆಯ ಕಾಲ. ಕಂಪ್ಯೂಟರಿನ ಮುಂದೆ ಕೂತವರಿಗೆಲ್ಲ ಕೆಲಸ. ಧಾರವಾಡದಿಂದ ಬಂದ ನಾನೂ ಜಂಬದಿಂದ ಒಂದು ಮನೆ ಕೊಂಡೆ. ಪಕ್ಕದ ಮನೆ ಓಟೊ ಅವರದು. ಹತ್ತೊಂಬತ್ತನೇ ವಯಸ್ಸಿಗೆ ಅಪ್ಪನ ಉಳಿ, ಗರಗಸ ಕಟ್ಟಿಕೊಂಡು ಜರ್ಮನಿಯಿಂದ ಹಡಗು ಹತ್ತಿದ ಬಡಗಿ. ಅವರು ಬಂದಾಗ ನಮ್ಮ ಬೀದಿ ಬರೀ ಆಲೂಗಡ್ಡೆ ಹೊಲವಂತೆ. ಅವರ ಕಡೆಯ ನಾಲ್ಕು ಸಂಸಾರಗಳು ಒಬ್ಬರ ಮನೆಗೊಬ್ಬರು ಚಾವಣಿ ಹೊದಿಸಿಕೊಂಡು ನೆಲೆ ನಿಂತವು. ನಮ್ಮ ಮನೆಯ ತೊಲೆ ಏರಿಸಿದವರೂ ಓಟೊ ಅವರೇ. ಉಳಿದವರೆಲ್ಲ ಫ್ಲೋರಿಡಾ ಸೇರಿದರು, ಓಟೊ ಅವರ ಹೆಂಡತಿ ತೀರಿಕೊಂಡರು, ಇವರೊಬ್ಬರೇ ಉಳಿದರು.

ನನ್ನ ಹೆಂಡತಿಯ ಬಾಣಂತನಕ್ಕೆ ಬಂದ ಅವ್ವ, "ಕೂಸಿಗೆ ತೂಗು ತೊಟ್ಟಲಾನ ಬೇಕು" ಎಂದು ಹಟ ಹಿಡಿದಳು. ಇಲ್ಲಿನ ಮೆತ್ತನೆಯ ಶೀಟ್‌ರಾಕ್ ಹಲಗೆಯ ಚಾವಣಿಗೆ ತೊಟ್ಟಿಲು ತೂಗುಹಾಕುವುದೆಂದರೆ ಹುಡುಗಾಟವೇ? ಓಟೊ ಅವರನ್ನು ಕೇಳಿದೆ. ಏಣಿ ಹತ್ತಿ, ಬೆರಳ ಗೆಣ್ಣಿನಿಂದ ಚಾವಣಿ ತಟ್ಟುತ್ತ ಹೋಗಿ ಒಂದು ಕಡೆ ನಿಂತರು. "ಇಲ್ಲಿದೆ ತೊಲೆ. ನಾನೇ ಇಟ್ಟದ್ದು." ಮೂರು ವಾರ ಅವರ ಗರಾಜಿನಿಂದ ಉಳಿಯ ಸದ್ದು. ಒಂದೇ ಒಂದು ಮೊಳೆಯಿಲ್ಲದ ತೊಟ್ಟಿಲು! ಕೊಂಡಿ ಹಾಕಿದ ದಿನ ಆ ಎಪ್ಪತ್ತರ ಮುದುಕರು ಎರಡೂ ಕೈಯಲ್ಲಿ ಅದಕ್ಕೆ ಜೋತುಬಿದ್ದು ಕಾಲೆತ್ತಿಬಿಟ್ಟರು. ಅವ್ವ "ಅಯ್ಯಯ್ಯ, ಬಿದ್ದೀರಿ ಯಪ್ಪಾ!" ಎಂದು ಚೀರಿದಳು.

"ಮಗುವನ್ನು ಇದರಲ್ಲಿ ಹಾಕೋದು ಯಾವತ್ತು?" ಎಂದು ಕೇಳಿದರು. "ಶನಿವಾರ," ಅಂದೆ. ಅಷ್ಟೇ ಅಂದೆ.

"ಬಡಗ್ಯಾರ್ನ ಕರದೀಯೋ ಇಲ್ಲೋ? ತೊಟ್ಟಲಾ ಮಾಡಿದವ್ರಿಗೆ ಮೊದಲ ಆಯೇರಿ ಮಾಡಬೇಕಪಾ," ಎಂದಳು ಅವ್ವ. ಉಡುಗೊರೆಗೆಂದು ಧೋತರವನ್ನೂ ತೆಗೆದಿಟ್ಟಿದ್ದಳು. ನನಗೋ ಕನ್ನಡ ಸಂಘದವರ ಮುಂದೆ ಮೆರೆಯುವ ಚಿಂತೆ. ಅವರ ನಡುವೆ ಈ ಮುದುಕರನ್ನು ಮಾತಾಡಿಸುತ್ತ ಕೂರುವವರು ಯಾರು? "ಅವರಿಗೆ ಬೋರ್ ಆಗ್ತದವಾ, ನಾಳೆ ನಾನ ಕೊಟ್ಟು ಬರ್ತೀನಿ," ಎಂದು ಜಾರಿಕೊಂಡೆ.

ಶನಿವಾರ ಬೀದಿ ತುಂಬ ಕಾರು. ಜಾಗ ಸಾಲದೆ ಓಟೊ ಅವರ ಮನೆಗೆ ಓಡಿದೆ. ಮೆಟ್ಟಿಲ ಮೇಲೆ ನಿಂತಿದ್ದರು. ಕೋಟು, ಟೈ, ಪಾಲಿಶ್ ಮಾಡಿದ ಬೂಟು, ಕೈಯಲ್ಲಿ ರಿಬ್ಬನ್ ಕಟ್ಟಿದ ಪೊಟ್ಟಣ. ನನ್ನನ್ನು ಕಂಡದ್ದೇ ಮುಖ ಅರಳಿಸಿಕೊಂಡು ಎರಡು ಮೆಟ್ಟಿಲು ಇಳಿದರು. ಕರೆಯಲು ಬಂದೆನೆಂದುಕೊಂಡಿದ್ದರು. ನನಗದು ತಿಳಿಯಲಿಲ್ಲ ಎಂದರೆ ಶುದ್ಧ ಸುಳ್ಳು. ಆದರೂ ಈ ಹಾಳು ಬಾಯಿಂದ ಬಂದದ್ದು, "ಓಟೊ, ನಿಮ್ಮ ಡ್ರೈವ್‌ವೇನಲ್ಲಿ ನಾಲ್ಕು ಕಾರು ನಿಲ್ಲಿಸಬಹುದಾ?"

"ಶೂರ್, ಶೂರ್," ಎಂದರು. ಪೊಟ್ಟಣ ಮೆಟ್ಟಿಲ ಮೇಲಿಟ್ಟು, ಒಂದೊಂದೇ ಕಾರಿಗೆ ಕೈ ಮಾಡಿ ಜಾಗ ತೋರಿಸತೊಡಗಿದರು. ನಮ್ಮ ಮನೆಯೊಳಗೆ ಜೋಗುಳ ಶುರುವಾಗಿತ್ತು. "ಎಂಥ ಹೆಲ್ಪಿಂಗ್ ನೇಚರ್ ರೀ!" ಎಂದು ಬಂದವರೆಲ್ಲ ಹೊಗಳಿದರು. ಇಷ್ಟು ವರ್ಷ ನಾನೂ ಅದನ್ನೇ ಹೇಳುತ್ತ ಬಂದಿದ್ದೇನೆ, ಕೋಟು ಟೈ ವಿಷಯವೊಂದು ಬಿಟ್ಟು.

ಮರುದಿನ ಧೋತರ ಒಯ್ದೆ. "ಥ್ಯಾಂಕ್ಯೂ" ಎಂದು ತೆಗೆದುಕೊಂಡರು. ಒಳಗೆ ಬಾ ಅನ್ನಲಿಲ್ಲ. ಅದೇ ಚಳಿಗಾಲ ತೀರಿಕೊಂಡರು.

ಮೊನ್ನೆ ಅಂಗಡಿಯಲ್ಲೂ ಆ ಹೆಲ್ಪಿಂಗ್ ನೇಚರ್ ಕಥೆಯನ್ನೇ ಒಪ್ಪಿಸಿದೆ. ಮಗಳು ಹಲಗೆ ಕೆಳಗಿಟ್ಟಳು. "ವೈ ವಾಸ್ ಹಿ ಔಟ್‌ಸೈಡ್, ಡ್ಯಾಡ್? ಹಿ ಮೇಡ್ ಇಟ್."

ಆ ಮುದುಕರಿಗೆ ಸಂಕೋಚ ಜಾಸ್ತಿ ಎನ್ನಬಹುದಿತ್ತು. ಗಂಟಲವರೆಗೆ ಬಂದೂ ಇತ್ತು.

"ನಾ ಕರೀಲಿಲ್ಲ ಪುಟ್ಟಿ," ಅಂದೆ. "ಅವರು ರೆಡಿಯಾಗಿ ನಿಂತಿದ್ರು. ನಾ ಕರೀಲಿಲ್ಲ."